ಎರಡು ಬಾಲದ ಧೂಮಕೇತು

ಆಕಾಶದ ವಿಷಯದಲ್ಲಿ ನಮ್ಮ ಮನೆತನಕ್ಕೆ ಯಾರೂ ಪಾಠ ಹೇಳಬೇಕಾಗಿಲ್ಲ. ನನ್ನ ಮುತ್ತಜ್ಜ ರಾಮದುರ್ಗ ಸಂಸ್ಥಾನದಲ್ಲಿ ಪಂಚಾಂಗ ಬರೆಯುತ್ತಿದ್ದರು. ಅಜ್ಜ ಅದನ್ನು ಓದಿ ಹೇಳುತ್ತಿದ್ದರು. ತಂದೆಯವರು ಅದರಲ್ಲಿ ತಪ್ಪು ಹುಡುಕುತ್ತಿದ್ದರು. ಹೈಸ್ಕೂಲಿನ ಗಣಿತ ಶಿಕ್ಷಕನಾದ ನಾನು ಈ ಮೂವರ ಗುಣಗಳನ್ನೂ ಒಟ್ಟಾಗಿ ಪಡೆದವನೆಂದು ಬಹುಕಾಲ ನಂಬಿದ್ದೆ.

ಇಂಥ ನಾನು ಎಪ್ಪತ್ತೆಂಟನೆಯ ಇಸವಿಯ ದೀಪಾವಳಿಯ ಹೊತ್ತಿಗೆ ಒಂದು ಧೂಮಕೇತುವನ್ನು ಕಂಡುಹಿಡಿದೆ. ಗೌರಿ ಹುಣ್ಣಿಮೆಯ ಮಧ್ಯಾಹ್ನ ಮೂರೂವರೆಗೆ ಅದನ್ನು ಕಳೆದುಕೊಂಡೆ. ನಡುವಿನ ಆ ಹದಿನೈದು ದಿನಗಳ ವೃತ್ತಾಂತವನ್ನು, ಯಾರ ಮೇಲೂ ದ್ವೇಷವಿಲ್ಲದೆ, ಆದರೆ ಯಾರನ್ನೂ ಬಿಡದೆ, ಇಲ್ಲಿ ದಾಖಲಿಸುತ್ತಿದ್ದೇನೆ.

ನಾವು ನಾಲ್ವರು. ಬೈಲಹೊಂಗಲದ ಅರಳೆ ವ್ಯಾಪಾರಿ ಬಸಲಿಂಗಪ್ಪ, ಕಿತ್ತೂರಿನ ಚಿತ್ರಕಲಾ ಶಿಕ್ಷಕ ಹುಸೇನಸಾಹೇಬರು, ಸವದತ್ತಿಯ ಗಡಿಯಾರ ರಿಪೇರಿಯ ಯಲ್ಲಪ್ಪ, ರಾಮದುರ್ಗದಿಂದ ನಾನು. ನಾಲ್ವರಿಗೂ ಒಂದೇ ಹುಚ್ಚು: ಆಕಾಶದ ಫೋಟೋ ತೆಗೆಯುವುದು. ವರ್ಷಕ್ಕೊಮ್ಮೆ, ಗೌರಿ ಹುಣ್ಣಿಮೆಯ ದಿನ, ಒಬ್ಬೊಬ್ಬರ ಮನೆಯಲ್ಲಿ ಸರದಿಯಂತೆ ಸೇರಿ, ಆ ವರ್ಷ ತೆಗೆದವುಗಳಲ್ಲಿ ತನಗೆ ಅತಿ ಪ್ರಿಯವಾದ ಒಂದೇ ಒಂದು ಚಿತ್ರವನ್ನು ಪ್ರತಿಯೊಬ್ಬನೂ ಉಳಿದವರ ಮುಂದಿಡುವುದು ನಮ್ಮ ಪದ್ಧತಿ. ಹುಣ್ಣಿಮೆಯೇ ಏಕೆಂದರೆ, ಆ ರಾತ್ರಿ ಬೆಳದಿಂಗಳಿಗೆ ಒಂದು ನಕ್ಷತ್ರವೂ ಫಿಲ್ಮಿಗೆ ಹತ್ತುವುದಿಲ್ಲ. ಕೆಲಸ ಕೆಡದ ದಿನ ಸಭೆ ಸೇರಬೇಕೆಂಬ ಈ ಸೂಚನೆ ನನ್ನದು. ಅದಕ್ಕೆ ಇದುವರೆಗೆ ಯಾರೂ ನನಗೆ ಧನ್ಯವಾದ ಹೇಳಿಲ್ಲ.

ನಾಲ್ಕರಲ್ಲಿ ಉತ್ತಮವೆಂದು ಎಲ್ಲರೂ ಒಪ್ಪಿದ ಚಿತ್ರ ಸವದತ್ತಿ ಬಸ್ ಸ್ಟ್ಯಾಂಡಿನ ಎದುರಿನ ಯಲ್ಲಪ್ಪನ ಅಂಗಡಿಗೆ ಹೋಗುತ್ತಿತ್ತು. ಅಲ್ಲಿ ಗೋಡೆಯ ತುಂಬ ಗಡಿಯಾರಗಳು. ನಟ್ಟನಡುವೆ ಒಂದು ಖಾಲಿ ಮೊಳೆ. ಆ ಮೊಳೆಗೆ, ಗಾಜಿನ ಚೌಕಟ್ಟಿನಲ್ಲಿ, ಮುಂದಿನ ಗೌರಿ ಹುಣ್ಣಿಮೆಯವರೆಗೆ ಆ ಚಿತ್ರ ತೂಗುತ್ತಿತ್ತು. ನಾಲ್ಕೂ ಊರಿನ ಬಸ್ಸುಗಳು ಅಲ್ಲಿ ನಿಲ್ಲುತ್ತವೆ. ನಾಲ್ಕೂ ಊರಿನ ಜನ ಬಸ್ಸು ಕಾಯುತ್ತ ಆ ಗೋಡೆಯನ್ನು ನೋಡುತ್ತಾರೆ. ಆಸೆಯೆನ್ನುವುದು ನನಗೆ ಜೀವನದಲ್ಲಿ ಹೆಚ್ಚಾಗಿ ಇದ್ದಿಲ್ಲ. ಆ ಮೊಳೆಯೊಂದನ್ನು ಬಿಟ್ಟು.

ಮೂರು ವರ್ಷ ನಾನು ಅದನ್ನು ಪಡೆಯಲಿಲ್ಲ. ಪಡೆಯದಿದ್ದುದಕ್ಕೆ ದುಃಖವಿಲ್ಲ. ಪಡೆಯದ ರೀತಿಗೆ ಇದೆ. ನಾನೊಂದು ದಿನಚರಿ ಇಟ್ಟಿದ್ದೇನೆ. ಅದರ ಹಿಂಭಾಗದ ಹಾಳೆಗಳಲ್ಲಿ ನಾಲ್ಕು ಕಾಲಮ್ಮುಗಳಿವೆ: ದಿನಾಂಕ, ಸ್ಥಳ, ಅವಮಾನದ ಸ್ವರೂಪ, ಮಾಡಿದವರು. ಎಪ್ಪತ್ತೈದರ ಸಭೆ ಬೈಲಹೊಂಗಲದಲ್ಲಿ ಆಯಿತು. ನಾನು ಚಂದ್ರನ ಚಿತ್ರ ತೋರಿಸಿದೆ. ಬಸಲಿಂಗಪ್ಪ ಅದನ್ನು ಕೈಯಲ್ಲಿ ಹಿಡಿದು, ಬಾಯೊಳಗಿನ ಅಡಿಕೆಯನ್ನು ಎಡದವಡೆಯಿಂದ ಬಲದವಡೆಗೆ ಸರಿಸಿ, ಹೀಗೆಂದರು:

"ಮಾಸ್ತರ, ಇದು ಚಂದ್ರನೋ, ಹಂಚಿನ ಮ್ಯಾಲಿನ ರೊಟ್ಟಿಯೋ ತಿಳೀವಲ್ದು. ಅಂಚು ಸ್ವಲ್ಪ ಹೊತ್ತೈತಿ."

ಎಪ್ಪತ್ತಾರರಲ್ಲಿ ನನ್ನ ಸಪ್ತರ್ಷಿ ಮಂಡಲವನ್ನು ಹುಸೇನಸಾಹೇಬರು ಕಾಲುಗಂಟೆ ತಲೆಕೆಳಗಾಗಿ ಹಿಡಿದು ಹೊಗಳಿದರು. ಎಪ್ಪತ್ತೇಳರಲ್ಲಿ ಯಲ್ಲಪ್ಪ ನನ್ನ ಕೃತ್ತಿಕಾ ನಕ್ಷತ್ರಪುಂಜದ ಮೇಲೆ ಚಹಾದ ಬಸಿ ಇಟ್ಟ. ಬಸಿಯ ಗುರುತು ಇಂದಿಗೂ ಇದೆ. ದುಂಡಗೆ, ಶನಿಯ ಉಂಗುರದ ಹಾಗೆ.

ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು. ಎಪ್ಪತ್ತಾರರಲ್ಲಿ ಮೊಳೆ ಹುಸೇನಸಾಹೇಬರ ಉಲ್ಕೆಗೆ ಸಿಕ್ಕಿತು. ಆ ಉಲ್ಕೆ ಅತಿ ಸುಂದರವಾಗಿತ್ತು. ಚಿತ್ರಕಲಾ ಶಿಕ್ಷಕರು ತೆಗೆದ ಉಲ್ಕೆ ಅಷ್ಟು ಸುಂದರವಾಗಿದ್ದರೆ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿರಬಹುದೆಂದು ನನಗೆ ಸಂಶಯ ಬಂತು. ಸಂಶಯವನ್ನು ಬಾಯಿಬಿಟ್ಟು ಹೇಳುವುದು ಸಭ್ಯತೆಯಲ್ಲ. ಆದುದರಿಂದ ಒಂದು ನಿಯಮ ಬರೆದು ಎಲ್ಲರ ಸಹಿ ತೆಗೆದುಕೊಂಡೆ: "ಚಿತ್ರವನ್ನು ಮಂಡಿಸುವ ಸದಸ್ಯನು ಆ ಚಿತ್ರವಿರುವ ಇಡೀ ನೆಗೆಟಿವ್ ಸುರುಳಿಯನ್ನು ಸಭೆಯ ಮುಂದೆ ಹಾಜರುಪಡಿಸತಕ್ಕದ್ದು." ಇಡೀ ಸುರುಳಿ ಎಂಬ ಮಾತನ್ನು ನಾನೇ ಅಡಿಗೆರೆ ಎಳೆದು ಬರೆದೆ. ಈ ಅಡಿಗೆರೆಯನ್ನು ಓದುಗರು ನೆನಪಿನಲ್ಲಿಡಬೇಕು. ನಾನು ಇಟ್ಟಿರಲಿಲ್ಲ.

ಈಗ ಎಪ್ಪತ್ತೆಂಟರ ದಸರೆಗೆ ಬರೋಣ. ನವಮಿಯ ದಿನ ನಮ್ಮ ಕಡೆ ಖಂಡೇಪೂಜೆ. ಅವರವರ ಕಸುಬಿನ ಉಪಕರಣಗಳನ್ನು ತೊಳೆದು, ಸಾಲಾಗಿಟ್ಟು, ಗಂಧ ಕುಂಕುಮ ಹಚ್ಚಿ ಪೂಜಿಸಿ, ಅಂದು ಅವುಗಳಿಗೆ ರಜೆ ಕೊಡುತ್ತೇವೆ. ನಮ್ಮ ಮನೆಯ ದೇವರ ಮುಂದೆ ನನ್ನ ಕಂಪಾಸ ಪೆಟ್ಟಿಗೆ, ಮುತ್ತಜ್ಜನ ಪಂಚಾಂಗದ ಕಟ್ಟು, ನನ್ನ ಹೆಂಡತಿ ಗೋದಾವರಿಯ ಈಳಿಗೆ ಮಣೆ ಇವುಗಳ ಜೊತೆಗೆ ನನ್ನ ಕ್ಯಾಮೆರಾ ಕೂಡ ಇತ್ತು. ತಿದಿಯಂತೆ ಬಿಚ್ಚಿ ಮಡಚುವ ಹಳೆಯ ಕ್ಯಾಮೆರಾ. ಗೋದಾವರಿ ಅದರ ಚರ್ಮದ ಚೀಲಕ್ಕೆ ಕುಂಕುಮ ಹಚ್ಚಿ, ಎರಡು ಅಕ್ಷತೆ ಹಾಕಿ, ಮುಂದಿನ ಉಪಕರಣಕ್ಕೆ ಹೋದಳು.

ನಾನು ತಡೆದೆ. "ಚೀಲಕ್ಕ ಹಚ್ಚಿದ್ರ ಕ್ಯಾಮೆರಾಕ್ಕ ಹ್ಯಾಂಗ ಮುಟ್ಟತದ? ನನಗ ಮಾಡೋ ನಮಸ್ಕಾರ ನನ್ನ ಕೋಟಿಗೆ ಮಾಡ್ತಿಯೇನು?"

"ಅದಕ್ಕೇನಾಗ್ತದರಿ, ದೇವರಿಗೆ ತಿಳೀತದ," ಎಂದಳು.

ದೇವರಿಗೆ ತಿಳಿಯುತ್ತದೆ ಎಂಬ ಕಾರಣದಿಂದ ಯಾವ ಕೆಲಸವನ್ನೂ ಅರ್ಧ ಮಾಡಿದವನು ನಾನಲ್ಲ. ಚೀಲದಿಂದ ಕ್ಯಾಮೆರಾ ತೆಗೆದೆ. ಬಿಚ್ಚಿದೆ. ಆಗತಾನೆ ತುಪ್ಪದ ಬತ್ತಿ ಹೊಸೆದಿಟ್ಟ ಬೆರಳಿನಿಂದಲೇ ಕುಂಕುಮ ತೆಗೆದು ಉಪಕರಣದ ಮುಖಕ್ಕೆ, ಅಂದರೆ ಮುಖದಲ್ಲಿ ಇರುವುದೇ ಒಂದು ಕಣ್ಣು, ಆ ಕಣ್ಣಿಗೆ, ಶಾಸ್ತ್ರೋಕ್ತವಾಗಿ ಹಚ್ಚಿದೆ. ಮರುದಿನ ಬನ್ನಿ ಕೊಟ್ಟು ಬಂದ ಮೇಲೆ, ಅದೇ ಕಣ್ಣನ್ನು ಧೋತರದ ಚುಂಗಿನಿಂದ ಎಡದಿಂದ ಬಲಕ್ಕೆ ಒಂದೇ ಸಲ ನೀಟಾಗಿ ಒರೆಸಿದೆ. ಕೆಂಪು ಹೋಯಿತು. ಕೆಂಪು ಹೋದರೆ ಎಲ್ಲವೂ ಹೋದಂತೆ ಎಂದು ಯಾರಿಗಾದರೂ ಅನ್ನಿಸುತ್ತದೆ. ನನಗೂ ಅನ್ನಿಸಿತು.

ಮುಂದಿನ ಬೆಳಗಿನ ಜಾವ ಚಂದ್ರ ಮುಳುಗಿದ ಮೇಲೆ ಮಾಳಿಗೆ ಹತ್ತಿ, ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಕೂರಿಸಿ, ದಕ್ಷಿಣಕ್ಕೆ ಏರಿ ನಿಂತಿದ್ದ ವ್ಯಾಧ ನಕ್ಷತ್ರದ ಎರಡು ಚಿತ್ರ ತೆಗೆದೆ. ನಕ್ಷತ್ರಗಳಲ್ಲೆಲ್ಲ ಅದೇ ಹೆಚ್ಚು ಪ್ರಕಾಶದ್ದು. ಇಂಥ ಚಿತ್ರಕ್ಕೆ ಕ್ಯಾಮೆರಾದ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಡಬೇಕು. ಯಲ್ಲಪ್ಪ ಇದಕ್ಕೆ ಸೆಕೆಂಡಿನ ಗಡಿಯಾರ ಬಳಸುತ್ತಾನೆ. ನಾನು ಗಾಯತ್ರಿ ಬಳಸುತ್ತೇನೆ. ಒಂದೊಂದು ಚಿತ್ರಕ್ಕೆ ಎಂಟು ಗಾಯತ್ರಿ. ಗಾಯತ್ರಿ ಕೀಲಿ ಕೇಳುವುದಿಲ್ಲ, ನಿಲ್ಲುವುದೂ ಇಲ್ಲ. ಚಳಿಯಲ್ಲಿ ಸ್ವಲ್ಪ ವೇಗವಾಗುತ್ತದೆ ಎಂಬುದು ಯಲ್ಲಪ್ಪನ ಆಕ್ಷೇಪ. ಅದೂ ದಿನಚರಿಯಲ್ಲಿದೆ.

ಸುರುಳಿಯಲ್ಲಿ ಎಂಟು ಚಿತ್ರ. ಏಳು ಮುಗಿದಿದ್ದವು. ಒಂದನ್ನು ಖಾಲಿ ಬಿಟ್ಟು ತೊಳೆಯಲು ಕೊಡುವುದು ನನ್ನ ಸ್ವಭಾವಕ್ಕೆ ಒಗ್ಗದು. ಅದು ದೀಪಾವಳಿಯವರೆಗೆ ಕ್ಯಾಮೆರಾದೊಳಗೇ ಕಾದಿತ್ತು. ದೀಪಾವಳಿಯ ಸಂಜೆ ಗೋದಾವರಿ ನನಗೆ ಆರತಿ ಮಾಡಲು ತಟ್ಟೆ ಹಿಡಿದು ನಿಂತಾಗ, ಇದೇ ಸಮಯವೆಂದು ನಾನು ಮಣೆಯ ಮೇಲೆ ಕೂಡುವ ಬದಲು ಸ್ಟ್ಯಾಂಡಿನ ಹಿಂದೆ ನಿಂತೆ. ಹೀಗಾಗಿ ಆ ವರ್ಷದ ಆರತಿ ನಡೆದದ್ದು ಕ್ಯಾಮೆರಾಕ್ಕೆ. ಅಲುಗಾಡದೆ ಒಂದು ಗಾಯತ್ರಿಯಷ್ಟು ಹೊತ್ತು ನಿಲ್ಲಬೇಕೆಂದು ಅವಳಿಗೆ ಹೇಳಿದೆ.

"ಲಗೂ ಹೇಳ್ರಿ, ಕೈ ಸುಡ್ಲಿಕತ್ತದ," ಎಂದಳು. ಗಾಯತ್ರಿಯನ್ನು ಲಗೂ ಹೇಳಲು ಬರುವುದಿಲ್ಲ. ಪೂರ್ತಿಯಾಗಿ ಹೇಳಿದೆ. ಸುರುಳಿ ಮುಗಿಯಿತು.

ತೊಳೆದು ಬಂದ ನೆಗೆಟಿವ್‌ಗಳಲ್ಲಿ ನಾನು ವ್ಯಾಧನ ಎರಡನ್ನು ಮಾತ್ರ ದೊಡ್ಡದಾಗಿ ಮಾಡಿಸಿದೆ. ಉಳಿದವನ್ನು ನೋಡುವ ಅಗತ್ಯ ಕಾಣಲಿಲ್ಲ. ದೊಡ್ಡ ಚಿತ್ರವನ್ನು ಕಿಡಕಿಯ ಬೆಳಕಿಗೆ ಹಿಡಿದೆ. ನಡುವೆ ವ್ಯಾಧ. ಅದರಿಂದ ಹೊರಟ ಬೆಳ್ಳಗಿನ, ತೆಳ್ಳಗಿನ, ನೇರವಾದ ಒಂದು ಬಾಲ. ಒಂದಲ್ಲ, ಎರಡು! ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಎರಡನೆಯ ಚಿತ್ರ ನೋಡಿದೆ. ಅದರಲ್ಲಿಯೂ ಎರಡು. ಒಂದು ಸಲ ಕಂಡರೆ ಭ್ರಮೆ, ಎರಡು ಸಲ ಕಂಡರೆ ಸಿದ್ಧಾಂತ. ವ್ಯಾಧನ ಹಿಂದೆ ಒಂದು ಧೂಮಕೇತು ಅಡಗಿತ್ತು!

ನಾನು ಆತುರದ ಮನುಷ್ಯನಲ್ಲ. ಪರೀಕ್ಷೆಗಳನ್ನು ನಡೆಸಿದೆ. ಬೆಳಗಿನ ಜಾವ ಎದ್ದು ಬರಿಗಣ್ಣಿನಿಂದ ನೋಡಿದೆ. ಬಾಲ ಕಾಣಲಿಲ್ಲ. ಮನುಷ್ಯನ ಕಣ್ಣು ಎಂಟು ಗಾಯತ್ರಿಯಷ್ಟು ಬೆಳಕನ್ನು ಕೂಡಿಹಾಕಲಾರದು ಎಂದು ಬರೆದುಕೊಂಡೆ. ಆಮೇಲೆ ಬಾಲದ ದಿಕ್ಕು. ಧೂಮಕೇತುವಿನ ಬಾಲ ಯಾವಾಗಲೂ ಸೂರ್ಯನಿಗೆ ಬೆನ್ನು ಹಾಕಿ ಚಾಚಬೇಕು. ಸೂರ್ಯ ಪೂರ್ವದಲ್ಲಿದ್ದ ಕಾರಣ ಬಾಲ ಪಶ್ಚಿಮಕ್ಕಿರಬೇಕಿತ್ತು. ನನ್ನ ಎರಡರಲ್ಲಿ ಒಂದೂ ಪಶ್ಚಿಮಕ್ಕಿರಲಿಲ್ಲ. ಮೂರು ದಿನ ಲೆಕ್ಕ ಹಾಕಿದೆ. ನನ್ನ ಲೆಕ್ಕದಲ್ಲಿ ತಪ್ಪು ಸಿಗಲಿಲ್ಲ. ಆದುದರಿಂದ ಈ ಒಂದು ಸಂಗತಿಯಲ್ಲಿ ಧೂಮಕೇತುವೇ ತಪ್ಪಿದೆ ಎಂಬ ನಿರ್ಣಯಕ್ಕೆ ಬಂದೆ.

ಧೂಮಕೇತುವಿಗೆ ಅದನ್ನು ಕಂಡವನ ಹೆಸರಿಡುವುದು ರೂಢಿ. ಊಟಕ್ಕೆ ಕುಳಿತಾಗ ಈ ವಿಷಯವನ್ನು ಗೋದಾವರಿಗೆ ಗಾಂಭೀರ್ಯದಿಂದ ತಿಳಿಸಿದೆ. ಇನ್ನು ಮುಂದೆ ಜಗತ್ತಿನ ಪುಸ್ತಕಗಳಲ್ಲಿ ಅದು ಜೋಶಿ ಧೂಮಕೇತು ಆಗಲಿದೆ ಎಂದೆ. ಅವಳು ಸಾರಿನ ಸೌಟನ್ನು ಪಾತ್ರೆಯಲ್ಲಿ ಬಿಟ್ಟು ನನ್ನನ್ನು ನೋಡಿದಳು.

"ಧೂಮಕೇತು ಅಂದ್ರ ಕೇಡು ಅಂತ ಊರೆಲ್ಲಾ ಹೆದರ್ತದ. ಮಗಳಿಗೆ ವರ ನೋಡ್ಲಿಕತ್ತೇವಿ. ಈಗ ಹೋಗಿ ಕೇಡಿಗೆ ನಮ್ಮ ಮನೆತನದ ಹೆಸರು ಇಡ್ತೀರೇನು? ಬೇಕಾದ್ರ ಬಸಲಿಂಗಪ್ಪನವರ ಹೆಸರು ಇಡ್ರಿ."

ಆ ಬೇಕಾದ್ರ ಎಂಬ ಮಾತು ನನ್ನನ್ನು ಕೆರಳಿಸಿತು. ಬಸಲಿಂಗಪ್ಪನ ಹೆಸರು ಆಕಾಶದಲ್ಲಿ! ಊಟ ಅರ್ಧಕ್ಕೆ ಬಿಟ್ಟು ಎದ್ದೆ. ಶೋಧವನ್ನು ತಡಮಾಡದೆ ತಿಳಿಸದಿದ್ದರೆ ಬೇರೆ ಯಾರಾದರೂ ಹೆಸರು ಹಾಕಿಬಿಡುತ್ತಾರೆ. ದಕ್ಷಿಣದ ಒಂದು ವೀಕ್ಷಣಾಲಯದ ವಿಳಾಸ ನನ್ನಲ್ಲಿತ್ತು. ಟೆಲಿಗ್ರಾಂ ಕೊಡಲು ನೇರವಾಗಿ ತಾರು ಆಫೀಸಿಗೆ ನಡೆದೆ.

ನಮ್ಮ ಊರಿನಲ್ಲಿ ತಾರು ಕೊಡಲು ಬರುವವನ ಮುಖವನ್ನು ಗುಮಾಸ್ತರು ಮೊದಲು ನೋಡುತ್ತಾರೆ, ಫಾರ್ಮನ್ನು ಆಮೇಲೆ. ಅಲ್ಲಿನವರು ಕುರ್ಚಿಯಿಂದ ಅರ್ಧ ಎದ್ದು, ಧ್ವನಿ ತಗ್ಗಿಸಿ, "ಯಾರು ಹೋದ್ರರಿ, ಮಾಸ್ತರ?" ಎಂದು ಕೇಳಿದರು.

"ಯಾರೂ ಹೋಗಿಲ್ಲ. ಒಬ್ಬರು ಬಂದಾರ," ಎಂದೆ.

ಅವರ ಮುಖ ಅರಳಿತು. "ಛಲೋ ಆತು ಬಿಡ್ರಿ. ಗಂಡೋ, ಹೆಣ್ಣೋ?"

ನಾನು ಫಾರ್ಮು ಮುಂದಿಟ್ಟೆ. ವ್ಯಾಧನ ಬಳಿ ಹೊಸದೊಂದು ಕಂಡಿದೆ, ಬಾಲ ಎರಡು, ವಿವರ ಪತ್ರದಲ್ಲಿ, ಎಂದು ಇಂಗ್ಲಿಷಿನಲ್ಲಿ ಬರೆದಿದ್ದೆ. ಅವರು ಒಂದೊಂದೇ ಪದ ಓದುತ್ತ ಬಾಲದವರೆಗೆ ಬಂದು, ನನ್ನನ್ನು ನೋಡಿ, ಮತ್ತೇನೂ ಕೇಳದೆ ಠಸ್ಸೆ ಹೊಡೆದರು. ಅಂದು ಸಂಜೆ ನೆರೆಯ ಇಬ್ಬರು ಹೆಣ್ಣುಮಕ್ಕಳು ನಮ್ಮ ಮನೆಗೆ ಬಂದು, ಗೋದಾವರಿಯ ಕೈ ಹಿಡಿದು, ಆಗಬಾರದ್ದು ಏನು ಆಯಿತೋ ಹೇಳಲಿಕ್ಕಾಗದಿದ್ದರೆ ಬೇಡವೆಂದು ಸಮಾಧಾನ ಹೇಳಿ ಹೋದರು.

ಮರುದಿನ ಶಾಲೆಯ ಪ್ರಾರ್ಥನೆಯಲ್ಲಿ ಹೆಡ್ ಮಾಸ್ತರರು ನನ್ನನ್ನು ಮುಂದೆ ಕರೆದು ಧೂಮಕೇತುವಿನ ಬಗ್ಗೆ ಮಾತನಾಡಿಸಿದರು. ಪರಿಣಾಮವಾಗಿ ಅರ್ಧ ಶಾಲೆ ಬೆಳಗಿನ ಜಾವ ಮಾಳಿಗೆ ಹತ್ತಿತು. ಮುಂದಿನ ವಾರ ಅರ್ಧ ಶಾಲೆಗೆ ನೆಗಡಿ. ಧೂಮಕೇತು ಯಾರಿಗೂ ಕಾಣಲಿಲ್ಲ. ಧೂಮಕೇತು ಬಂದ್ರ ಕೇಡು ಎಂದು ಹೆಂಗಸರು ಹೇಳಿದ್ದು ನಿಜವಾಯಿತಲ್ಲ ಎಂದು ಪಾಲಕರೊಬ್ಬರು ಮೂಗು ಒರೆಸಿಕೊಳ್ಳುವ ಮಗನನ್ನು ಮುಂದೆ ನಿಲ್ಲಿಸಿ ನನ್ನನ್ನು ಕೇಳಿದರು.

ಇದಾವುದೂ ನನ್ನನ್ನು ಕದಲಿಸಲಿಲ್ಲ. ಸಭೆಯ ಸರದಿ ಆ ವರ್ಷ ನಮ್ಮ ಮನೆಯದೇ ಆಗಿತ್ತು. ವಿಧಿ ಕೂಡ ಒಮ್ಮೊಮ್ಮೆ ಸ್ಥಳದ ಆಯ್ಕೆಯಲ್ಲಿ ವಿಶೇಷ ಶ್ರದ್ಧೆ ವಹಿಸುತ್ತದೆ.

ಗೌರಿ ಹುಣ್ಣಿಮೆಯ ದಿನ ಮೂವರೂ ಬಂದರು. ಹೋಳಿಗೆಯ ಊಟವಾಯಿತು. ಆ ಹಬ್ಬಕ್ಕೆ ನಮ್ಮಲ್ಲಿ ಸಕ್ಕರೆಯ ಆನೆ, ಒಂಟೆ, ನವಿಲುಗಳ ಆರತಿ. ಅವುಗಳ ತಟ್ಟೆಯನ್ನು ಗೋದಾವರಿ ನಡುವೆ ಇಟ್ಟು ಹೋದಳು. ಹುಸೇನಸಾಹೇಬರು ಒಂಟೆಯೊಂದನ್ನು ಎತ್ತಿ, ಅದರ ಕುತ್ತಿಗೆಯ ಬಾಗನ್ನು ಮೆಚ್ಚಿ, ಬಾಯಿಗೆ ಹಾಕಿಕೊಂಡರು. ಚಿತ್ರಗಳು ಒಂದೊಂದಾಗಿ ಬಂದವು. ಹುಸೇನಸಾಹೇಬರದು ಕಿತ್ತೂರಿನ ಹಾಳುಗೋಡೆಯ ಮೇಲೆ ಮುಳುಗುವ ಬಿದಿಗೆ ಚಂದ್ರ. ಯಲ್ಲಪ್ಪನದು ಧ್ರುವನ ಸುತ್ತ ಗಡಿಯಾರದ ಮುಳ್ಳಿನಷ್ಟು ನಿಖರವಾಗಿ ತಿರುಗಿದ ನಕ್ಷತ್ರಗಳ ಗೆರೆಗಳು. ಬಸಲಿಂಗಪ್ಪನದು ಆಕಾಶಗಂಗೆ. ಅದು ಸುಮಾರಾಗಿತ್ತೆಂದು ನಾನು ದಿನಚರಿಯಲ್ಲಿ ಬರೆದಿದ್ದೇನೆ. ಇಂದು ಸತ್ಯ ಹೇಳುವ ದಿನವಾದ್ದರಿಂದ ಹೇಳುತ್ತೇನೆ: ಅದನ್ನು ಕೆಳಗಿಟ್ಟವನು ಮತ್ತೊಮ್ಮೆ ಕೈಗೆತ್ತಿಕೊಂಡು ನೋಡಿದ್ದೆ. ಅರಳೆಯನ್ನು ಹಿಂಜಿ ಕಪ್ಪು ಕಂಬಳಿಯ ಮೇಲೆ ಹರಡಿದ ಹಾಗಿತ್ತು.

ಕೊನೆಯಲ್ಲಿ ನಾನು. ಎದ್ದು ನಿಂತೆ. ವೀಕ್ಷಣಾಲಯಕ್ಕೆ ತಾರು ಹೋಗಿದೆ ಎಂದು ಮೊದಲೇ ತಿಳಿಸಿದೆ. ಆಮೇಲೆ ಚಿತ್ರವನ್ನು ಇಟ್ಟೆ.

ಮೂವರೂ ಬಾಗಿ ನೋಡಿದರು. ಯಾರೂ ರೊಟ್ಟಿ ಎನ್ನಲಿಲ್ಲ. ಯಾರೂ ತಲೆಕೆಳಗೆ ಹಿಡಿಯಲಿಲ್ಲ. ಯಲ್ಲಪ್ಪ ತನ್ನ ಚಹಾದ ಬಸಿಯನ್ನು ತಾನಾಗಿಯೇ ದೂರ ಸರಿಸಿದ. ಮೂರು ವರ್ಷದ ಹಾಳೆಗಳನ್ನು ದಿನಚರಿಯಿಂದ ಹರಿದುಹಾಕಬಹುದೇನೋ ಎಂಬ ಔದಾರ್ಯ ಆ ಕ್ಷಣದಲ್ಲಿ ನನ್ನಲ್ಲಿ ಮೂಡಿತು. ಬಸಲಿಂಗಪ್ಪ ಬಹಳ ಹೊತ್ತು ನೋಡಿ, "ಮಾಸ್ತರ, ಇದು ಖರೇ ಇದ್ರ ಮೊಳಿ ಏನ್ ದೊಡ್ಡದ್ರಿ, ಇಡೀ ಗ್ವಾಡಿ ನಿಮ್ಮದು," ಎಂದರು. ನನ್ನ ಎದೆ ತುಂಬಿ ಬಂತು.

"ನೆಗೆಟಿವ್ ಒಂದೀಟು ಕೊಡ್ರಿ," ಎಂದು ಸೇರಿಸಿದರು. "ನಿಯಮ ಐತಲ್ಲ."

ನಿಯಮ ಇತ್ತು. ನನ್ನ ಕೈಬರಹದಲ್ಲಿತ್ತು. ಇಡೀ ಸುರುಳಿಯನ್ನು ಹೆಮ್ಮೆಯಿಂದಲೇ ಕೊಟ್ಟೆ. ಅವರು ಕಿಡಕಿಗೆ ಹೋಗಿ ಅದನ್ನು ಬೆಳಕಿಗೆ ಹಿಡಿದರು. ನೆಗೆಟಿವಿನಲ್ಲಿ ಎಲ್ಲವೂ ತಿರುವುಮುರುವು: ಆಕಾಶ ಬೆಳ್ಳಗೆ, ನಕ್ಷತ್ರ ಕಪ್ಪಗೆ, ಬಾಲಗಳೂ ಕಪ್ಪಗೆ. ಆರನೆಯದನ್ನು ನೋಡಿದರು. ಏಳನೆಯದನ್ನು ನೋಡಿದರು. ತಲೆದೂಗಿದರು. ಅಲ್ಲಿಗೇ ಅವರ ಕೈ ನಿಲ್ಲಬೇಕಿತ್ತು. ಅದು ಇನ್ನೊಂದು ಬೆರಳಿನಷ್ಟು ಮುಂದೆ ಸರಿಯಿತು.

"ಮಾಸ್ತರ, ಎಂಟನೇದ್ರಾಗೂ ಧೂಮಕೇತು ಐತಲ್ಲ."

"ಎಂಟನೇದು ಆಕಾಶದ್ದಲ್ಲ. ಅದು ಮನೀದು," ಎಂದೆ.

"ಹೌದ್ರಿ. ಬಾಯಾರ ಕೈಯಾಗ ಐತಿ."

ನಾನು ಹೋಗಿ ನೋಡಿದೆ. ಗೋದಾವರಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ತಟ್ಟೆಯಲ್ಲಿ ಎರಡು ಜ್ಯೋತಿ. ಒಂದೊಂದಕ್ಕೂ ನೇರವಾದ, ತೆಳ್ಳಗಿನ ಎರಡೆರಡು ಬಾಲ. ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಮೇಲಿನದು ಅವಳ ಹಣೆಯನ್ನು ಮುಟ್ಟಿತ್ತು, ಕೆಳಗಿನದು ಸೀರೆಯ ನಿರಿಗೆಯವರೆಗೆ ಇಳಿದಿತ್ತು. ಅವಳ ಮೂಗುಬೊಟ್ಟಿನ ಹೊಳಪಿಗೂ ಒಂದು ಸಣ್ಣ ಜೋಡಿ ಬಾಲವಿತ್ತು. ವ್ಯಾಧನ ಹಿಂದೆ ಅಡಗಿದ್ದ ಧೂಮಕೇತು ನನ್ನ ಹೆಂಡತಿಯ ಮೂಗಿನ ಹಿಂದೆಯೂ ಅಡಗಿರುವುದು ಗಣಿತದ ದೃಷ್ಟಿಯಿಂದ ಕಷ್ಟ.

ಯಲ್ಲಪ್ಪ ಗೂಟದಿಂದ ನನ್ನ ಕ್ಯಾಮೆರಾ ಇಳಿಸಿ, ಬಿಚ್ಚಿ, ಗಡಿಯಾರ ನೋಡುವ ತನ್ನ ಒಂಟಿ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಲೆನ್ಸಿನ ಮೇಲೆ ಬಾಗಿದ. "ಜಿಡ್ಡು ಐತ್ರಿ, ಮಾಸ್ತರ. ಎಡದಿಂದ ಬಲಕ್ಕ ಗೆರಿ ಗೆರಿ ಎಳದೈತಿ. ಬೆಳಕು ಆ ಗೆರಿಗೆ ಅಡ್ಡ ಹರದು ಮ್ಯಾಲ ಕೆಳಗ ಬಾಲ ಬಿಟ್ಟೈತಿ." ಅವನು ಮೂಗಿನ ಹತ್ತಿರ ಹಿಡಿದು ಮೂಸಿದ. "ತುಪ್ಪ," ಎಂದ. ಮತ್ತೊಮ್ಮೆ ಮೂಸಿ, "ಆಕಳದ್ದು."

ಆಗ ನಾನು ಮಾಡಿದ್ದನ್ನು ಬರೆಯಲು ಮನಸ್ಸಿಲ್ಲ. ಆದರೆ ಉಳಿದವರ ತಪ್ಪುಗಳನ್ನು ದಾಖಲಿಸಿದವನು ಇದನ್ನು ಬಿಡುವಂತಿಲ್ಲ. ನಾನು ಅಡಿಗೆಮನೆಯ ಕಡೆ ತಿರುಗಿ, ಖಂಡೇಪೂಜೆಯ ದಿನ ಕ್ಯಾಮೆರಾದ ಕಣ್ಣಿಗೆ ತುಪ್ಪದ ಕೈಯಿಂದ ಕುಂಕುಮ ಹಚ್ಚಿದವಳು ನೀನೇ ಎಂದು ಗೋದಾವರಿಯನ್ನು ಮೂವರ ಮುಂದೆ ಗದರಿದೆ.

ಅವಳು ಬಾಗಿಲಿಗೆ ಬಂದಳು. ಸೆರಗಿಗೆ ಕೈ ಒರೆಸಿಕೊಂಡಳು. ಅವಳ ದನಿ ಏರಲಿಲ್ಲ.

"ನಾ ಚೀಲಕ್ಕ ಹಚ್ಚಿದ್ದೆ. ಚೀಲದಾಗಿಂದ ತಗದು ಕಣ್ಣಿಗೇ ಹಚ್ಚಿದವರು ನೀವು. ಧೋತರದ ಚುಂಗಿಲೆ ಒರಸಿದವರೂ ನೀವೇ. ಆ ಧೋತರದ ತುಪ್ಪದ ಕಲಿ ತೊಳದವಳು ಮಾತ್ರ ನಾನು." ಆಮೇಲೆ ಬಸಲಿಂಗಪ್ಪನ ಕೈಯಲ್ಲಿದ್ದ ಸುರುಳಿಯನ್ನು ನೋಡಿ ಕೇಳಿದಳು: "ಅದರಾಗ ನಾ ಇದ್ದೀನೇನ್ರಿ, ಅಣ್ಣಾರ? ಹ್ಯಾಂಗ ಬಂದೀನಿ?"

"ಛಲೋ ಬಂದೀರಿ, ಅಕ್ಕಾರ," ಎಂದರು ಬಸಲಿಂಗಪ್ಪ.

"ಇಪ್ಪತ್ತಾರ ವರ್ಷದಾಗ ನಂದೊಂದು ಫೋಟೋ ತಗದಾರ ನೋಡ್ರಿ. ಅದೂ ರೀಲು ಉಳದದ ಅಂತ."

ಅವಳು ನಗುತ್ತಲೇ ಹೇಳಿದಳು. ನಕ್ಕವಳು ಅವಳೊಬ್ಬಳೇ. ನಾನು ನೆಲ ನೋಡಿದೆ. ಆಕಾಶದ ಇನ್ನೂರಕ್ಕೂ ಹೆಚ್ಚು ಚಿತ್ರಗಳು ನನ್ನ ಪೆಟ್ಟಿಗೆಯಲ್ಲಿ ತಾರೀಖು ಸಹಿತ ಇವೆ. ಇಪ್ಪತ್ತಾರು ವರ್ಷ ಎದುರಿಗೇ ಇದ್ದುದು ಒಂದೂ ಇರಲಿಲ್ಲ. ಇದಕ್ಕೆ ಕುಂಕುಮ ಕಾರಣವಲ್ಲ, ತುಪ್ಪವೂ ಕಾರಣವಲ್ಲ.

ಆ ಮೂವರೂ ನಗಬಹುದಿತ್ತು. ನಕ್ಕಿದ್ದರೆ ದಿನಚರಿಯಲ್ಲಿ ಮೂರು ಸಾಲು ಬರೆದು ನಾನು ಹಗುರಾಗುತ್ತಿದ್ದೆ. ಅವರು ನಗಲಿಲ್ಲ. ಹುಸೇನಸಾಹೇಬರು ಸಕ್ಕರೆಯ ಆನೆಯೊಂದನ್ನು ನನ್ನ ಕಡೆ ಸರಿಸಿದರು. ಯಲ್ಲಪ್ಪ ಜೇಬಿನಿಂದ ಮೆತ್ತನೆಯ ಚರ್ಮದ ತುಂಡು ತೆಗೆದು, ಲೆನ್ಸಿನ ಮೇಲೆ ಹಾ ಎಂದು ಉಸಿರು ಬಿಟ್ಟು, ಒರೆಸತೊಡಗಿದ. ಬಸಲಿಂಗಪ್ಪ ತಮ್ಮ ಆಕಾಶಗಂಗೆಯನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

"ಈ ವರ್ಷದ್ದು ಎಂಟನೇ ನಂಬರು," ಎಂದರು.

ನಾನು ಎದ್ದು ಆಕ್ಷೇಪಿಸಿದೆ. ಮೊಳೆಗೆ ಆಕಾಶದ ಚಿತ್ರ ಮಾತ್ರ ಅರ್ಹ, ಮನೆಯೊಳಗಿನ ಚಿತ್ರ ಅಲ್ಲ, ನಿಯಮ ಸ್ಪಷ್ಟವಾಗಿದೆ ಎಂದೆ. ಮೂರು ವರ್ಷ ಕಾದ ಮೊಳೆ ತಾನಾಗಿ ಬಂದಾಗ ಅದರ ವಿರುದ್ಧ ವಾದಿಸಿದವನೂ ನಾನೇ! ಹುಸೇನಸಾಹೇಬರು ನೆಗೆಟಿವನ್ನು ಮತ್ತೆ ಬೆಳಕಿಗೆ ಹಿಡಿದು, ಈ ಸಲ ನೆಟ್ಟಗೆ ಹಿಡಿದು, ನೋಡಿದರು.

"ಬಾಯಾರ ಹಿಂದ ಕಿಡಕಿ ಐತ್ರಿ, ಮಾಸ್ತರ. ಕಿಡಕ್ಯಾಗ ಆಕಾಶ ಐತಿ. ಒಂದು ಚುಕ್ಕಿನೂ ಐತಿ."

ಅದು ಚುಕ್ಕಿಯೋ, ಧೂಳಿನ ಕಣವೋ, ನಾನು ವಾದಿಸಲಿಲ್ಲ. ಮೂರು ಕೈಗಳು ಎದ್ದವು. ಅಡಿಗೆಮನೆಯ ಬಾಗಿಲಲ್ಲಿ ಸೌಟು ಹಿಡಿದ ನಾಲ್ಕನೆಯ ಕೈಯೂ ಎದ್ದಿತು. ಅದಕ್ಕೆ ಮತದಾನದ ಹಕ್ಕಿರಲಿಲ್ಲ. ಆದರೂ ಎಣಿಸಿದರು.

ಪ್ರತಿ ಚಿತ್ರದ ಕೆಳಗೆ ವಸ್ತು, ಸ್ಥಳ, ಎಕ್ಸ್‌ಪೋಜರ್ ಬರೆದಿರಬೇಕೆಂಬುದೂ ನನ್ನದೇ ನಿಯಮ. ಅದನ್ನು ಬರೆಯಲು ನನಗೆ ಒಂದು ಇಡೀ ಸಂಜೆ ಹಿಡಿಯಿತು. ಕೊನೆಗೆ ಹೀಗೆ ಬರೆದೆ: "ವಸ್ತು: ಸೌ. ಗೋದಾವರಿ. ಸ್ಥಳ: ರಾಮದುರ್ಗ. ಎಕ್ಸ್‌ಪೋಜರ್: ಒಂದು ಗಾಯತ್ರಿ."

ಎರಡು ತಿಂಗಳ ಮೇಲೆ ವೀಕ್ಷಣಾಲಯದಿಂದ ಒಂದು ಕಾರ್ಡು ಬಂತು. ಅತ್ಯಂತ ಸಭ್ಯವಾದ ಕಾರ್ಡು. ನನ್ನ ಆಸಕ್ತಿಯನ್ನು ಮೆಚ್ಚಿ, ಇನ್ನು ಮುಂದೆ ತಾರು ಕೊಡುವ ಮೊದಲು ಲೆನ್ಸನ್ನು ಮೆತ್ತನೆಯ ಬಟ್ಟೆಯಿಂದ ಒರೆಸಬೇಕೆಂದು ಸೂಚಿಸಿದ್ದರು. ಗೋದಾವರಿಗೆ ಓದಿ ಹೇಳಿದೆ. ಧೋತರ ಮೆತ್ತಗೇ ಇತ್ತಲ್ಲ ಎಂದು ಅವಳು ನನ್ನ ಪಕ್ಷ ವಹಿಸಿದಳು.

ಆ ವರ್ಷವೆಲ್ಲ ಚಿತ್ರ ಸವದತ್ತಿಯ ಗಡಿಯಾರಗಳ ನಡುವೆ ತೂಗಿತು. ಒಮ್ಮೆ ಬೈಲಹೊಂಗಲದ ಬಸ್ಸಿಗೆ ಕಾಯುತ್ತ ಆ ಅಂಗಡಿಯ ಮುಂದೆ ನಿಂತಿದ್ದೆ. ಬೀಗರ ಮನೆಯ ಗಡಿಯಾರವನ್ನು ರಿಪೇರಿಗೆ ತಂದಿದ್ದ ಕಟಕೋಳದ ಹಿರಿಯರೊಬ್ಬರು ಚಿತ್ರವನ್ನು ನೋಡಿದರು, ನನ್ನನ್ನು ನೋಡಿದರು, ಯಲ್ಲಪ್ಪ ಏನೋ ಪಿಸುಗುಟ್ಟಿದ. ಅವರು ಕೈಮುಗಿದು ಹತ್ತಿರ ಬಂದು, "ನೀವು ಈ ಆರತಿ ಬಾಯಾರ ಯಜಮಾನ್ರಂತಲ್ಲ?" ಎಂದರು. ಆಕಾಶದ ಬಗ್ಗೆ ಒಂದು ಮಾತಿಲ್ಲ!

ಹೌದೆಂದೆ.

ಮನೆಗೆ ಬಂದು ದಿನಚರಿಯ ಹಿಂಭಾಗ ತೆರೆದೆ. ಎಪ್ಪತ್ತೆಂಟರ ಗೌರಿ ಹುಣ್ಣಿಮೆಯ ಸಾಲು ಅದುವರೆಗೆ ಅರ್ಧವೇ ಆಗಿತ್ತು. ದಿನಾಂಕ, ಸ್ಥಳ ತುಂಬಿದ್ದೆ. ಅವಮಾನದ ಸ್ವರೂಪ: ಇಪ್ಪತ್ತಾರು ವರ್ಷಕ್ಕೆ ಒಂದು ಫೋಟೋ, ಮತ್ತು ಅದಕ್ಕೂ ಮೇಲೆ ಮೂವರ ಮುಂದೆ ಗದರಿದ್ದು. ಅನುಭವಿಸಿದವರ ಕಾಲಮ್ಮು ನನ್ನ ದಿನಚರಿಯಲ್ಲಿ ಇಲ್ಲ. ಅದು ಯಾವಾಗಲೂ ನಾನೇ ಎಂದು ಗ್ರಹಿಸಿ ಗೆರೆ ಹೊಡೆದಿದ್ದೆ. ಕೊನೆಯ ಕಾಲಮ್ಮು, ಮಾಡಿದವರು. ಅದರಲ್ಲಿ ನನ್ನ ಹೆಸರನ್ನು ಇನಿಶಿಯಲ್ ಸಹಿತ ಪೂರ್ತಿಯಾಗಿ ಬರೆದೆ.

ಬಸಲಿಂಗಪ್ಪನ ರೊಟ್ಟಿಯನ್ನು ನಾನು ಬಹುಮಟ್ಟಿಗೆ ಕ್ಷಮಿಸಿದ್ದೇನೆ. ಈ ಇನ್ನೊಬ್ಬ ಮನುಷ್ಯನ ವಿಷಯ ಇನ್ನೂ ಇತ್ಯರ್ಥವಾಗಿಲ್ಲ.